ಕೋತಿ–ಮೊಸಳೆ ಕಥೆಯನ್ನು ಕುಣಿತಕ್ಕೆ ತರುವುದು: ಮನೆಮಂದಿಗೆಲ್ಲ 30 ನಿಮಿಷದ ನೃತ್ಯ ಕಟ್ಟುವ ಕ್ರಮ

ಪ್ರಾಣಿಕಥೆಯನ್ನು ನೃತ್ಯ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗೆ. ಬಾಲ, ಕಿವಿ, ಮುಖವಾಡ ಎಲ್ಲ ಅಲ್ಲಿ ಸಿಗುತ್ತದೆ. ಪ್ರದರ್ಶನದ ದಿನ ಮಕ್ಕಳು ಎರಡು ನಿಮಿಷ ಬಾಲ ನೋಡಿ ನಗುತ್ತಾರೆ, ಮೂರನೇ ನಿಮಿಷಕ್ಕೆ ಅಮ್ಮನ ಬ್ಯಾಗಿನಲ್ಲಿ ಚಿಪ್ಸ್ ಹುಡುಕುತ್ತಾರೆ. ಬಂದಿರುವುದು ಯಾವ ಪ್ರಾಣಿ ಎಂದು ವೇಷ ಹೇಳುತ್ತದೆ. ಅದಕ್ಕೆ ಏನು ಬೇಕಾಗಿದೆ ಎಂದು ಹೇಳುವ ಶಕ್ತಿ ವೇಷಕ್ಕಿಲ್ಲ. ಈ ಕಥೆಗಳು ನಿಂತಿರುವುದೋ ಬೇಕು ಎಂಬುದರ ಮೇಲೆ. ಒಬ್ಬರಿಗೆ ಏನೋ ಬೇಕು, ಅದಕ್ಕಾಗಿ ಇನ್ನೊಬ್ಬರನ್ನು ಯಾಮಾರಿಸುತ್ತಾರೆ, ಯಾಮಾರಿದವರು ತಿರುಗಿ ಯಾಮಾರಿಸುತ್ತಾರೆ. ಆ ತಿರುವು ಮಾತಿಲ್ಲದೆ ಮೈಯಲ್ಲಿ ಕಾಣಿಸಬೇಕು. ಉಳಿದ ಕೆಲಸವೆಲ್ಲ ಅದರ ಹಿಂದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಕೋತಿ ಮತ್ತು ಮೊಸಳೆಯ ಕಥೆ: ಹೆಂಡತಿಗೆ ಕೋತಿಯ ಗುಂಡಿಗೆ ತಿನ್ನುವ ಆಸೆಯಾಗಿ, ಮೊಸಳೆ ಗೆಳೆಯ ಕೋತಿಯನ್ನು ಬೆನ್ನ ಮೇಲೆ ಹೊತ್ತು ಹೊರಡುತ್ತದೆ; ಗುಂಡಿಗೆ ಮರದಲ್ಲೇ ಇದೆ ಎಂದು ಸುಳ್ಳು ಹೇಳಿ ಕೋತಿ ಪಾರಾಗುತ್ತದೆ. ಮೈಸೂರು–ಮಂಡ್ಯ ಸೀಮೆಯವರಿಗೆ ಎರಡೂ ಪ್ರಾಣಿ ಹತ್ತಿರದಲ್ಲೇ ಇವೆ: ಕೋತಿ ಚಾಮುಂಡಿ ಬೆಟ್ಟದಲ್ಲಿ, ಮೊಸಳೆ ರಂಗನತಿಟ್ಟಿನ ಬಂಡೆಗಳ ಮೇಲೆ. ಬೇಕಾಗುವವರು 5 ಜನ ನರ್ತಕರು, ಕಥೆ ಹೇಳುವವರು ಒಬ್ಬರು, ವಾದ್ಯಕ್ಕೆ ಇಬ್ಬರು. ತಾಲೀಮು 6 ವಾರ, ವಾರಕ್ಕೆ 4 ದಿನ, ದಿನಕ್ಕೆ ಎರಡೂವರೆ ಗಂಟೆ. ಇದಕ್ಕಿಂತ ಕಡಿಮೆ ದಿನದಲ್ಲಿ ಹೆಜ್ಜೆ ಕಲಿಸಬಹುದು, ನೆಲದ ಮೇಲಿನ ಚಲನೆಗೆ ಮೈ ಪಳಗುವುದಿಲ್ಲ.

ಕಥೆ ಆರಿಸುವುದು

ಆರಿಸಿದ ಕಥೆಯನ್ನು ಬರೀ ಕ್ರಿಯಾಪದಗಳಲ್ಲಿ 12 ಸಾಲು ಬರೆಯಿರಿ. ಹತ್ತಿದ, ಎಸೆದ, ತಿಂದ, ಕಾದ, ಕರೆದ, ಏರಿದ, ನಿಂತ, ತಿರುಗಿದ, ಹಾರಿದ – ಹೀಗೆ. ಆ 12 ಸಾಲಿನಲ್ಲಿ ‘ಹೇಳಿದ’, ‘ಕೇಳಿದ’, ‘ಯೋಚಿಸಿದ’ ಎಂಬವು ನಾಲ್ಕಕ್ಕಿಂತ ಹೆಚ್ಚು ಬಂದರೆ ಅದು ನಾಟಕಕ್ಕೆ ಒಗ್ಗುವ ಕಥೆ, ನೃತ್ಯಕ್ಕೆ ಬೇರೆಯದನ್ನು ನೋಡಿ. ಸಿಂಹ–ಎತ್ತಿನ ಗೆಳೆತನವನ್ನು ನರಿ ಮುರಿಯುವ ಕಥೆ ಇಲ್ಲೇ ಬಿದ್ದುಹೋಗುತ್ತದೆ. ಅದರ ಸೊಗಸೆಲ್ಲ ಚಾಡಿಮಾತಿನಲ್ಲಿದೆ. ಬಲೆಯ ಸಮೇತ ಹಾರುವ ಪಾರಿವಾಳಗಳು, ಹಂಸಗಳು ಹೊತ್ತೊಯ್ಯುವ ಆಮೆ, ಬಾವಿಯಲ್ಲಿ ತನ್ನ ನೆರಳನ್ನೇ ಕಾಣುವ ಸಿಂಹ, ಕೊಕ್ಕರೆ ಮತ್ತು ಏಡಿ – ಇವೆಲ್ಲ ದಾಟುತ್ತವೆ. ಗುಂಪು ದೊಡ್ಡದಿದ್ದರೆ ಪಾರಿವಾಳವೇ ಒಳ್ಳೆಯದು. ಕೊಕ್ಕರೆ ಕಥೆ ಹಿಡಿದವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಒಮ್ಮೆ ಹೋಗಿಬರುವುದು ಲೇಸು.

ಪುಣ್ಯಕೋಟಿಯಿಂದ ಶುರು ಮಾಡಬೇಡಿ. ನಮ್ಮ ಕಡೆ ಸಭಾಂಗಣದ ಅರ್ಧ ಜನಕ್ಕೆ ಆ ಹಾಡು ಬಾಯಿಪಾಠ. ಎರಡನೇ ಸಾಲಿಗೇ ಅಜ್ಜಿಯರು ದನಿಗೂಡಿಸುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ನರ್ತಕರನ್ನು ನೋಡುವವರಿರುವುದಿಲ್ಲ.

ಮೂಲಕ್ಕೆ ಎಷ್ಟು ನಿಷ್ಠರಾಗಿರಬೇಕು ಎಂಬ ಪ್ರಶ್ನೆ ತಂಡದಲ್ಲಿ ಬಂದೇ ಬರುತ್ತದೆ. ಈ ಕಥೆಗಳಿಗೆ ಒಂದೇ ಪಾಠ ಎಂದೂ ಇರಲಿಲ್ಲ. ಕನ್ನಡದಲ್ಲೇ 11ನೇ ಶತಮಾನದಲ್ಲಿ ಕವಿ ದುರ್ಗಸಿಂಹ ಪಂಚತಂತ್ರವನ್ನು ಗದ್ಯ–ಪದ್ಯ ಬೆರೆತ ಚಂಪುವಿನಲ್ಲಿ ಬರೆದಾಗ ವಿಷ್ಣುಶರ್ಮನದನ್ನು ಬಿಟ್ಟು ವಸುಭಾಗಭಟ್ಟನ ಪಾಠ ಹಿಡಿದ. ಕೋತಿ–ಮೊಸಳೆಯ ಕಥೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳಾದ ಬೌದ್ಧ ಜಾತಕಗಳಲ್ಲೂ ಇದೆ. ಅಲ್ಲಿ ಗೆಳೆತನದ ಭಾಗವೇ ಇಲ್ಲ; ಆದರೆ ನದಿಯ ನಡುವೆ ಕೋತಿ ದೂರದ ಅತ್ತಿಮರದಲ್ಲಿ ಜೋತುಬಿದ್ದ ಹಣ್ಣಿನ ಗೊಂಚಲು ತೋರಿಸಿ, ನಮ್ಮ ಗುಂಡಿಗೆಗಳು ಅಲ್ಲಿ ನೇತಾಡುತ್ತಿವೆ ನೋಡು ಎನ್ನುತ್ತದೆ. ನೃತ್ಯ ಕಟ್ಟುವವರಿಗೆ ಇದು ಬಿಟ್ಟಿ ಸಿಕ್ಕ ಉಡುಗೊರೆ: ಹಣ್ಣೇ ಗುಂಡಿಗೆ. ಪಂಚತಂತ್ರದಿಂದ ಗೆಳೆತನ ತೆಗೆದುಕೊಳ್ಳಿ, ಜಾತಕದಿಂದ ಈ ಹಣ್ಣು.

30 ನಿಮಿಷದ ಅಂದಾಜು

0–3: ಮರವೂ ನದಿಯೂ ಮಕ್ಕಳ ಕಣ್ಣೆದುರೇ ರೂಪುಗೊಳ್ಳುವುದು
3–8: ಕೋತಿ ಒಂದೇ
8–14: ಮೊಸಳೆ ಬರುವುದು, ನೇರಳೆ ಹಣ್ಣಿನ ಆಟ, ಗೆಳೆತನ
14–18: ನೀರಿನಡಿ ಮೊಸಳೆಯ ಮನೆ, ಹೆಂಡತಿಯ ಆಸೆ
18–23: ಸವಾರಿ
23–25: ಸುಳ್ಳು
25–28: ವಾಪಸ್ಸು, ಜಿಗಿತ
28–30: ಕೋತಿ ಕೆಳಗಿಳಿಯದಿರುವುದು

ಸುಳ್ಳಿಗೆ ಎರಡೇ ನಿಮಿಷ ಇದ್ದರೂ ತಾಲೀಮಿನ ಕಾಲುಭಾಗ ಅದಕ್ಕೆ ಹೋಗುತ್ತದೆ. ಹಣ್ಣಿನಾಟ ಹಿಗ್ಗುತ್ತಾ ಹೋಗುವುದು ಎಲ್ಲ ತಂಡಗಳ ಕಾಯಿಲೆ. ಆಡುವವರಿಗೆ ಖುಷಿ, 6 ನಿಮಿಷ ಹೋಗಿ 11 ಆಗುತ್ತದೆ. ಗಡಿಯಾರ ಹಿಡಿದು ಒಬ್ಬರು ಕೂರಬೇಕು.

ಮೈಗೆ ಪ್ರಾಣಿ ಬರುವುದು

ಮೊದಲ ವಾರ ಹೆಜ್ಜೆ ಬೇಡ, ಬರೀ ನೋಡುವುದು. ರಂಗನತಿಟ್ಟಿಗೆ ಚಳಿಗಾಲದ ಬೆಳಿಗ್ಗೆ ಹೋದರೆ ಮೊಸಳೆಗಳು ಬಿಸಿಲು ಕಾಯಿಸುತ್ತಾ ಬಂಡೆಯ ಮೇಲಿರುತ್ತವೆ. ಬಾಯಿ ತೆರೆದು ಮಲಗಿದ್ದರೆ ಅದು ಸಿಟ್ಟಲ್ಲ, ಮೈಯ ಕಾವು ಇಳಿಸಿಕೊಳ್ಳುವ ರೀತಿ. ಮೂರೇ ಸಂಗತಿ ಬರೆದುಕೊಳ್ಳಿ: ಎಷ್ಟು ಹೊತ್ತು ಅಲುಗದೆ ಇತ್ತು, ಅಲುಗಿದಾಗ ಯಾವ ಅಂಗ ಮೊದಲು, ನೀರಿಗಿಳಿದದ್ದು ಹೇಗೆ. ಕೋತಿಗೂ ಇವೇ ಪ್ರಶ್ನೆ. ಬೆಟ್ಟದ ಕೋತಿಯಲ್ಲಿ ಮೊದಲು ಕಣ್ಣು, ಆಮೇಲೆ ಕತ್ತು, ಕೊನೆಗೆ ಕೈ. ಅದರ ಚುರುಕು ಹುಟ್ಟುವುದೇ ನಡುನಡುವೆ ಗಕ್ಕನೆ ನಿಲ್ಲುವುದರಿಂದ. (ಬಾಳೆಹಣ್ಣು ಒಯ್ಯಬೇಡಿ, ನೋಡುವುದು ಹೋಗಿ ಚೀಲ ಕಾಯುವ ಕೆಲಸ ಆಗುತ್ತದೆ.)

ಎರಡನೇ ವಾರ ಇದನ್ನು ಎಣಿಕೆಗೆ ತನ್ನಿ. ಮೊಸಳೆಗೆ 8 ಎಣಿಕೆ ನಿಶ್ಚಲ, 1 ಎಣಿಕೆ ಚಲನೆ. ಭಾರ ಮೊಣಕೈ ಕೆಳಗಿನ ತೋಳು ಮತ್ತು ಕಾಲ್ಬೆರಳ ಮೇಲೆ, ಹೊಟ್ಟೆ ನೆಲದಿಂದ ನಾಲ್ಕು ಬೆರಳು ಮೇಲೆ, ಸೊಂಟ ಎಡಕ್ಕೆ–ಬಲಕ್ಕೆ ಹೊರಳಿ ಅದರ ಹಿಂದೆ ಕಾಲು. ಅಂಗೈ ಊರಿ ತೆವಳಿದರೆ ಮೂರನೇ ದಿನಕ್ಕೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ತೋಳೂರುವುದು ಅದಕ್ಕೇ. ಮಂಡಿಗೆ, ಮೊಣಕೈಗೆ ಪ್ಯಾಡ್ ಕಡ್ಡಾಯ. ಈ ಭಂಗಿಯಲ್ಲಿ ಒಂದೇ ಸಮನೆ 4 ನಿಮಿಷಕ್ಕಿಂತ ಹೆಚ್ಚು ಯಾರನ್ನೂ ನೆಲದ ಮೇಲೆ ಬಿಡಬೇಡಿ. ಸಿಮೆಂಟು ನೆಲದಲ್ಲಿ ತಾಲೀಮು ಮಾಡುವವರು ಜಮಖಾನೆಯಷ್ಟೇ ಹಾಸಿದರೆ ಸಾಲದು, ಅದು ಜಾರುತ್ತದೆ. ಮಕ್ಕಳ ಆಟದ ಕೋಣೆಗೆ ಹಾಸುವ ರಬ್ಬರ್ ಫೋಮ್ ಹಾಸುಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಕಿ.

ಮೈಸೂರಿನಲ್ಲಿ ಸಿಗುವ ನರ್ತಕರಲ್ಲಿ ಬಹುಪಾಲು ಭರತನಾಟ್ಯದಿಂದ ಬಂದವರು. ಅರೆಮಂಡಿಯ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿಯ, ಅಭ್ಯಾಸವಿರುವುದರಿಂದ ಮೊಸಳೆಯ ತಗ್ಗು ನಡೆ ಅವರಿಗೆ ಬೇಗ ಒಲಿಯುತ್ತದೆ. ತೊಡಕು ಬೇರೆ ಕಡೆ. ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮ ಅವರಿಂದ ಹೆಸರಾದ ಮೈಸೂರು ಬಾನಿಯ (ಶೈಲಿಯ) ಬಲವೇ ಮುಖದ ಅಭಿನಯ. ಹತ್ತಿರ ಕೂತವರಿಗೆ ಅದೊಂದು ಭಾಗ್ಯ, 15ನೇ ಸಾಲಿನ ಮಗುವಿಗೆ ಹುಬ್ಬು ಕಾಣುವುದಿಲ್ಲ. ಹಾಗಾಗಿ ಮುಖದಲ್ಲಿ ಬಂದದ್ದನ್ನು ಬೆನ್ನಿಗೆ ಇಳಿಸುವ ಅಭ್ಯಾಸ ಮಾಡಿಸಿ: ಪ್ರತಿ ದೃಶ್ಯವನ್ನೂ ಒಮ್ಮೆ ಪ್ರೇಕ್ಷಕರಿಗೆ ಬೆನ್ನು ಹಾಕಿ ಆಡಿಸಿ, ನೋಡುವವರು ಏನಾಯಿತು ಎಂದು ಹೇಳಬೇಕು. ಹಸ್ತಗಳ, ಅಂದರೆ ಕೈಮುದ್ರೆಗಳ, ವಿಷಯದಲ್ಲೂ ಕೈ ಬಿಗಿಹಿಡಿಯಿರಿ. ಸಿಂಹಮುಖ, ಮೃಗಶೀರ್ಷ, ಮತ್ಸ್ಯ ಎಲ್ಲವನ್ನೂ ಸುರಿದರೆ ನೃತ್ಯಶಾಲೆಯ ಮಕ್ಕಳು ಹೆಸರು ಕೂಗುತ್ತಾರೆ, ಮಿಕ್ಕವರು ಕೈಕೈ ನೋಡುತ್ತಾರೆ. ಇಡೀ ಪ್ರಯೋಗಕ್ಕೆ ಎರಡೇ ಹಸ್ತ ಸಾಕು.

ಸುಳ್ಳನ್ನು ಕುಣಿಯುವುದು

ಕಥೆಯ ಜೀವ ಇರುವುದು ‘ಗುಂಡಿಗೆಯನ್ನು ಮರದಲ್ಲೇ ಬಿಟ್ಟುಬಂದೆ’ ಎಂಬ ಮಾತಿನಲ್ಲಿ. ಮೈಗೆ ಭೂತಕಾಲವಿಲ್ಲ, ಸುಳ್ಳೂ ಇಲ್ಲ. ಕೋತಿ ಎದೆ ಮುಟ್ಟಿ ಮರ ತೋರಿಸಿದರೆ ‘ನನಗೆ ಮರ ಇಷ್ಟ’ ಎಂದಷ್ಟೇ ಅರ್ಥವಾಗುತ್ತದೆ. ಹಾಗಾಗಿ ಈ ಮಾತಿಗೆ ಬೇಕಾದ ಶಬ್ದವನ್ನು 20 ನಿಮಿಷ ಮುಂಚಿನಿಂದಲೇ ಬಿತ್ತಿಕೊಂಡು ಬರಬೇಕು.

ಮರ ಎಂದರೆ ಒಬ್ಬ ನರ್ತಕಿ ಮತ್ತು 60 ಸೆಂಟಿಮೀಟರ್ ಎತ್ತರದ ಒಂದು ಗಟ್ಟಿ ಮರದ ಮಣೆಮೇಜು. ಕೋತಿ ಒಂದೇ ಇರುವ ದೃಶ್ಯದಲ್ಲಿ ಅದು ಎದೆಯನ್ನು ಎರಡು ಸಲ ತಟ್ಟುತ್ತದೆ, ಡಬ್–ಡಬ್. ಮರದ ನರ್ತಕಿ ಗೆಣ್ಣಿನಿಂದ ಮೇಜಿಗೆ ಬಡಿದು ಉತ್ತರ ಕೊಡುತ್ತಾಳೆ. ಇದು ಮೂರು ಬಾರಿ ಬರಬೇಕು: ಹಸಿವಾದಾಗ, ಹೆದರಿದಾಗ, ಹೊಟ್ಟೆ ತುಂಬಿ ಒರಗಿದಾಗ. ಗೆಳೆತನದ ದೃಶ್ಯದಲ್ಲಿ ಮೊಸಳೆ ಕೋತಿಯ ಎದೆಗೆ ಕಿವಿಯಿಟ್ಟು ಕೇಳುತ್ತದೆ, ಅದಕ್ಕದು ಸೋಜಿಗ. ಮನೆಗೆ ಹೋಗಿ ಹೆಂಡತಿಗೆ ನೇರಳೆ ಹಣ್ಣು ಕೊಡುವಾಗ ಆ ತಟ್ಟನ್ನೂ ಅನುಕರಿಸಿ ತೋರಿಸುತ್ತದೆ. ಹೆಂಡತಿ ಹಣ್ಣನ್ನು ಎದೆಯ ಹತ್ತಿರ ಹಿಡಿದು ಡಬ್–ಡಬ್ ತಟ್ಟಿ, ಎರಡು ತೋಳನ್ನು ದವಡೆಯ ಹಾಗೆ ಮುಚ್ಚುತ್ತಾಳೆ. ಮಾತೇ ಇಲ್ಲದೆ ಆಸೆ ಏನೆಂದು ನಾಲ್ಕು ವರ್ಷದ ಮಗುವಿಗೂ ತಿಳಿಯುತ್ತದೆ.

ಈಗ ನಡುನೀರು. ಮೊಸಳೆ ನಿಲ್ಲುತ್ತದೆ, ದವಡೆ ಮುಚ್ಚುವ ಸನ್ನೆಯನ್ನು ಚಿಕ್ಕದಾಗಿ ಮಾಡುತ್ತದೆ. ಕೋತಿ 6 ಎಣಿಕೆ ಅಲುಗಬಾರದು. ಮಕ್ಕಳು ಲೆಕ್ಕ ಹಾಕಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದೇ ಒಂದು ಸಲ ಪ್ರೇಕ್ಷಕರತ್ತ ನೋಟ. ಎದೆ ತಟ್ಟುತ್ತದೆ, ಶಬ್ದವಿಲ್ಲ. ಇನ್ನೊಮ್ಮೆ ತಟ್ಟುತ್ತದೆ, ಶಬ್ದವಿಲ್ಲ. ಕಂಕುಳು, ಬೆನ್ನು ತಡಕುತ್ತದೆ. ಮರದತ್ತ ತಿರುಗುತ್ತದೆ. ಮರ: ಡಬ್–ಡಬ್. ಮೊಸಳೆಯ ತಲೆ ಆ ಕಡೆ ತಿರುಗಿದ ಕೂಡಲೇ ಸಭಾಂಗಣದಲ್ಲಿ ನಗು ಏಳಬೇಕು. ದಡ ಸೇರಿ ಮರ ಹತ್ತಿದ ಮೇಲೆ ಕೋತಿ ಎದೆ ತಟ್ಟಿದಾಗ ಶಬ್ದ ಮತ್ತೆ ಅದರ ಎದೆಯಿಂದಲೇ ಬರುತ್ತದೆ. ಸುಳ್ಳು ಬಯಲಾಗುವುದು ಅಲ್ಲಿ.

ನಗು ಏಳದಿದ್ದರೆ ತಪ್ಪು ಮೂರು ಕಡೆ ಹುಡುಕಿ. ವಾದ್ಯದವರು ಮೌನ ತಡೆಯಲಾರದೆ ಮೆಲ್ಲಗೆ ನುಡಿಸಿರುತ್ತಾರೆ. ಮರ ಅವಸರ ಮಾಡಿ, ಕೋತಿ ತಿರುಗುವ ಮೊದಲೇ ಬಡಿದಿರುತ್ತದೆ. ಅಥವಾ ಪ್ರೇಕ್ಷಕರತ್ತ ನೋಟ ತಡಕಾಟದ ಆಮೇಲೆ ಬಿದ್ದಿರುತ್ತದೆ. ಆಗ ಮಕ್ಕಳು ಪಾಪ, ಗುಂಡಿಗೆ ಸತ್ಯವಾಗಿ ಕಳೆದುಹೋಗಿದೆ ಎಂದುಕೊಳ್ಳುತ್ತಾರೆ. ಮೈಕ್ ಇಲ್ಲದ ಕಡೆ ಮೇಜಿನ ಬಡಿತ ಕೊನೆಯ ಸಾಲಿಗೆ ಮುಟ್ಟುತ್ತದೋ ಎಂದು ಮೊದಲೇ ಕೇಳಿ ನೋಡಿ. ಪ್ಲೈವುಡ್ ಮೇಜಿನ ಸದ್ದು ಮಂಕು, ಗಟ್ಟಿ ಮರದ ಹಲಗೆ ಬೇಕು.

ತಾಳ

ಕೋತಿಗೆ ಮೂರೆಣಿಕೆಯ ತಿಶ್ರ, ‘ತಕಿಟ’. ಮೊಸಳೆಗೆ ನಾಲ್ಕೆಣಿಕೆಯ ಚತುರಶ್ರ, ‘ತಕಧಿಮಿ’. 12 ಅಕ್ಷರದ (ತಾಳದ ಎಣಿಕೆಯ) ಸುತ್ತಿನಲ್ಲಿ ಕೋತಿಯದು ನಾಲ್ಕು ಸಲ, ಮೊಸಳೆಯದು ಮೂರು ಸಲ ಬಂದು ಇಬ್ಬರೂ ಮೊದಲ ಅಕ್ಷರಕ್ಕೆ ಕೂಡುತ್ತಾರೆ. ಗೆಳೆತನದ ಆರು ನಿಮಿಷದ ಕಟ್ಟಡ ಇದರ ಮೇಲೆ: ಕೂಡುವ ಅಕ್ಷರಕ್ಕೇ ಹಣ್ಣು ಕೈ ಬದಲಿಸಲಿ. ಮೊಸಳೆಯ ಮನಸ್ಸು ಕೆಟ್ಟ ಮೇಲೆ ಅದರ ನಡೆಯನ್ನು ಐದೆಣಿಕೆಯ ಖಂಡಕ್ಕೆ, ‘ತಕತಕಿಟ’ಕ್ಕೆ ಬದಲಿಸಿ. 12ಕ್ಕೂ 5ಕ್ಕೂ ಮತ್ತೆ ಕೂಟ ಬೀಳುವುದು 60ನೇ ಅಕ್ಷರವಾದ ಮೇಲೆ. ಪ್ರೇಕ್ಷಕರಿಗೆ ಗಣಿತ ತಿಳಿಯಬೇಕಿಲ್ಲ. ಏನೋ ಸರಿಯಿಲ್ಲ ಎಂದು ಕಾಲಿಗೆ ತಿಳಿಯುತ್ತದೆ.

ಒಂದು ತಮಟೆ, ಒಂದು ಮೃದಂಗ ಸಾಕು. ತಮಟೆಯನ್ನು ಬೆಂಕಿಗೆ ಕಾಯಿಸಿ ಹದ ಮಾಡಬೇಕು. ಸಭಾಂಗಣದೊಳಗೆ ಬೆಂಕಿಗೆ ಬಿಡುವುದಿಲ್ಲ, ಹೊರಗೆ ಕಾಯಿಸಿಕೊಂಡೇ ಒಳಬನ್ನಿ. ಒಳಾಂಗಣದಲ್ಲಿ ದಪ್ಪ ಕೋಲು ಬೇಡ, ಮುಂದಿನ ಸಾಲಿನ ಪುಟ್ಟ ಮಕ್ಕಳು ಕಿವಿ ಮುಚ್ಚಿಕೊಂಡು ಅಳುತ್ತವೆ. ಕಂಚಿನ ತಾಳದ ಕಂಸಾಳೆ ಸೇರಿಸುವ ಆಸೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಬರುತ್ತದೆ. ಅದು ಮಹದೇಶ್ವರನ ಭಕ್ತರಾದ ದೇವರಗುಡ್ಡರ ಕೈಯಲ್ಲಿ ದೀಕ್ಷೆಯೊಂದಿಗೆ ಬಂದದ್ದು, ಕೋತಿಯ ತಮಾಷೆಗೆ ಹಿನ್ನೆಲೆ ಮಾಡುವುದು ಬೇಡ.

ನದಿ, ಹಣ್ಣು, ಸವಾರಿ

ನದಿಗೆ ಹಳೆಯ ಎರಡು ಸಾದಾ ಜಾರ್ಜೆಟ್ ಸೀರೆಗಳನ್ನು ಸೆರಗಿಗೆ ಸೆರಗು ಕೂಡಿಸಿ ಹೊಲಿಸಿ. ಸುಮಾರು 11 ಮೀಟರ್ ಆಗುತ್ತದೆ; 8 ಮೀಟರ್ ಅಗಲದ ರಂಗಕ್ಕೆ ಎರಡೂ ಕಡೆ ಹಿಡಿಯಲು ಒಂದೂವರೆ ಮೀಟರ್ ಉಳಿಯುತ್ತದೆ. ಹತ್ತಿ ಸೀರೆ ಗಾಳಿಯಲ್ಲಿ ನಿಲ್ಲದೆ ದೊಪ್ಪನೆ ಬೀಳುತ್ತದೆ. ಇಬ್ಬರು ನರ್ತಕರು ಅದನ್ನು ಮಂಡಿಯ ಎತ್ತರಕ್ಕೆ ಹಿಡಿದು ಅಲೆ ಎಬ್ಬಿಸಲಿ, ನೀರಿನಡಿಯ ದೃಶ್ಯಕ್ಕೆ ತಲೆಯ ಮೇಲಕ್ಕೆತ್ತಲಿ. ನೆಲಕ್ಕೆ ಬಿಟ್ಟ ಬಟ್ಟೆಯ ಮೇಲೆ ಯಾರೂ ಹೆಜ್ಜೆ ಇಡಕೂಡದು, ಬರಿಗಾಲು ಜಾರುವುದು ಇಲ್ಲೇ. ಬಿಸಿಯಾಗುವ ದೀಪಗಳಿಂದಲೂ ಬಟ್ಟೆ ದೂರವಿರಲಿ.

ನೇರಳೆಗೆ ಪ್ಲಾಸ್ಟಿಕ್ ಚೆಂಡು ಬೇಡ, ಉರುಳಿ ಕಾಲಡಿ ಬರುತ್ತದೆ. ಕಡುನೇರಳೆ ಬಣ್ಣದ ಬಟ್ಟೆಯಲ್ಲಿ ತಲಾ 50 ಗ್ರಾಂ ರಾಗಿ ತುಂಬಿ ಮೆತ್ತಗೆ ಹೊಲಿದ 12 ಪುಟ್ಟ ಗಂಟುಗಳು ಸಾಕು. ಬಿದ್ದಲ್ಲೇ ಕೂರುತ್ತವೆ. ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಇಲಿ ಬಿಡುವುದಿಲ್ಲ ಅಷ್ಟೇ.

ಸವಾರಿಯಲ್ಲಿ ಕೋತಿ ಮೊಸಳೆಯ ಬೆನ್ನ ಮೇಲೆ ಭಾರ ಹಾಕಿ ಕೂರಬಾರದು, ಸೊಂಟದ ನೋವಿಗೆ ಅದೇ ದಾರಿ. ಮೊಸಳೆ ಮಂಡಿ–ಕೈ ಊರಿರಲಿ; ಕೋತಿ ಅದರ ಎರಡೂ ಬದಿಗೆ ಕಾಲಿಟ್ಟು ತನ್ನ ಭಾರ ತಾನೇ ಹೊತ್ತು, ಕೈಯನ್ನು ಮಾತ್ರ ಅದರ ಸೊಂಟದ ಮೂಳೆಯ ಮೇಲಿಟ್ಟು ಜೊತೆಜೊತೆಗೆ ಸಾಗಲಿ. ಮುಂದೆ ಸೀರೆ ಮಂಡಿಯೆತ್ತರ ಇರುವುದರಿಂದ ಕಾಲು ಕಾಣುವುದಿಲ್ಲ. ಹೆಂಡತಿಯ ಪಾತ್ರ ಮರದ ನರ್ತಕಿಗೇ ಬರುತ್ತದೆ. ಹೆಗಲ ಮೇಲೊಂದು ಬೂದು ಟವಲ್ ಹೊದ್ದುಕೊಂಡು ಮಕ್ಕಳ ಮುಂದೆಯೇ ಬದಲಾಗಲಿ. ಮೊಸಳೆಯೂ ಅಷ್ಟೇ, ಮೊದಲು ಮನುಷ್ಯನಾಗಿ ನಡೆದು ಬಂದು ಎಲ್ಲರ ಎದುರು ನೆಲಕ್ಕಿಳಿದು ಮೊಸಳೆಯಾಗಲಿ. ಕತ್ತಲಿಂದ ಹಠಾತ್ತನೆ ಬಂದ ಮೊಸಳೆಗೆ ಹೆದರಿದ ಮಗು ಕೊನೆಯವರೆಗೂ ಸುಧಾರಿಸಿಕೊಳ್ಳುವುದಿಲ್ಲ. ಪೂರ್ತಿ ಕತ್ತಲೆ ಮೂರು ಸೆಕೆಂಡಿಗಿಂತ ಹೆಚ್ಚು ಬೇಡ.

ಮಾತು, ಹೆಂಡತಿ, ಕೊನೆ

ಕಥೆ ಹೇಳುವವರಿಗೆ ಒಟ್ಟು 12 ವಾಕ್ಯ. ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಹೇಳಬಾರದು. ಪುಸ್ತಕದ ಕನ್ನಡಕ್ಕಿಂತ ಊರಿನ ಮಾತು ಮೇಲು: ‘ಎತ್ತಗ್ಲಾ ಕರ್ಕೊಂಡೋಯ್ತಿದ್ದೀಯ?’ ಎಂದರೆ ಮಂಡ್ಯದ ಸಭಾಂಗಣ ತಕ್ಷಣ ಹತ್ತಿರ ಬರುತ್ತದೆ. ಮೈಸೂರಿನಲ್ಲೂ ನಡೆಯುತ್ತದೆ. ಆದರೆ ಹಳ್ಳಿ ಮಾತು ಕೋತಿಗೆ, ಪೇಟೆ ಮಾತು ಕಥೆಗಾರನಿಗೆ ಎಂದು ಹಂಚಿ ನಗಿಸಲು ಹೋಗಬೇಡಿ, ಜನಕ್ಕೆ ಗೊತ್ತಾಗುತ್ತದೆ.

ಹೆಂಡತಿಯೇ ದುರಾಸೆಯವಳು, ಗಂಡ ಪಾಪದವನು ಎಂಬ ಹಳೆಯ ಹಂಚಿಕೆ ಈಗಿನ ಅಮ್ಮಂದಿರಿಗೆ ಇರುಸುಮುರುಸು. ಅವಳಿಗೆ ಕಾಯಿಲೆ ಅಂಟಿಸಿದರೆ ಸಮಸ್ಯೆ ತೀರುತ್ತದೆಂದು ಕೆಲವರು ಮಾಡುತ್ತಾರೆ. ಆಗ ಕೋತಿಯ ಗುಂಡಿಗೆ ಔಷಧಿಯಾಗಿ, ಕೊಡದ ಕೋತಿಯೇ ಕೆಟ್ಟದ್ದೆನಿಸುತ್ತದೆ. ಇದಕ್ಕಿಂತ ಆ ಆಸೆ ಇಬ್ಬರದೂ ಆಗಲಿ. ಹೆಂಡತಿ ದವಡೆ ಮುಚ್ಚುವಾಗ ಗಂಡನ ತೋಳೂ ತಾನೇ ತಾನಾಗಿ ಮುಚ್ಚಿಕೊಳ್ಳಲಿ, ಅದನ್ನು ಕಂಡು ಅವನೇ ಬೆಚ್ಚಲಿ. ನಾಲ್ಕು ಎಣಿಕೆಯ ಕೆಲಸ.

ಕೊನೆಯಲ್ಲಿ ಇಬ್ಬರನ್ನೂ ಕೈಕೈ ಹಿಡಿಸಿ ರಾಜಿ ಮಾಡಿಸಬೇಡಿ. ಮಕ್ಕಳಿಗೆ ನೋವಾಗುತ್ತದೆ ಎಂಬ ಚಿಂತೆ ದೊಡ್ಡವರದು. ಮೊಸಳೆ ಮರದ ಬುಡಕ್ಕೆ ಬರುತ್ತದೆ, 12 ಎಣಿಕೆ ಕಾಯುತ್ತದೆ, ಕೋತಿ ಒಂದು ಹಣ್ಣು ಎಸೆಯುತ್ತದೆ, ಕೆಳಗಿಳಿಯುವುದಿಲ್ಲ. ‘ನೀತಿ ಏನೆಂದರೆ’ ಎಂದು ಯಾರೂ ಬಾಯಿ ತೆಗೆಯಕೂಡದು.

ರಂಗ ಮತ್ತು ಕಾಲ

ಹೆಚ್ಚಿನವರು ಎಡವುವುದು ಇಲ್ಲಿ. ಶಾಲೆಯ ಸಮತಟ್ಟು ಹಾಲಿನಲ್ಲಿ ಕುರ್ಚಿ ಹಾಕಿಸಿದರೆ ಮೂರನೇ ಸಾಲಿನಿಂದಾಚೆಗೆ ನೆಲದ ಮೇಲಿನ ಮೊಸಳೆ ಕಾಣುವುದೇ ಇಲ್ಲ. ಮಕ್ಕಳನ್ನು ಅರ್ಧವೃತ್ತವಾಗಿ ಜಮಖಾನೆಯ ಮೇಲೆ ನಾಲ್ಕು ಸಾಲು ಕೂರಿಸಿ, ಹಿಂದೆ ದೊಡ್ಡವರಿಗೆ ಕುರ್ಚಿ. ಎತ್ತರದ ವೇದಿಕೆ ಇದ್ದರೆ ಇನ್ನೊಂದು ತೊಂದರೆ: ತೀರಾ ಮುಂದೆ ಕೂತ ಮಕ್ಕಳಿಗೆ ವೇದಿಕೆಯ ಅಂಚೇ ಅಡ್ಡ, ಅವರನ್ನು ಮೂರು ಮೀಟರ್ ಹಿಂದೆ ಸರಿಸಿ. ಮೈಸೂರಿನ ಕಲಾಮಂದಿರದಂಥ ದೊಡ್ಡ ಸಭಾಂಗಣಕ್ಕಿಂತ ಅದೇ ಆವರಣದ ಕಿರುರಂಗಮಂದಿರವೋ ರಂಗಾಯಣದ ಭೂಮಿಗೀತವೋ ಈ ಅಳತೆಯ ಕೆಲಸಕ್ಕೆ ಹೊಂದುತ್ತದೆ. ವನರಂಗದಂಥ ಬಯಲು ರಂಗದಲ್ಲಿ ಏಪ್ರಿಲ್–ಮೇ ಸಂಜೆ ಆರಕ್ಕೆ ಶುರು ಮಾಡಿದರೆ ಬೆಳಕು ಇನ್ನೂ ಇರುವುದರಿಂದ ದೀಪದ ಆಟವೆಲ್ಲ ವ್ಯರ್ಥ, ಜೊತೆಗೆ ಮಳೆ ಬರುವ ಹೊತ್ತೂ ಅದೇ. ಬೆಳಿಗ್ಗೆ ಹತ್ತೂವರೆಗೆ ದೀಪವಿಲ್ಲದೆ ಆಡುವ ಹಾಗೆ ಕಟ್ಟಿಕೊಂಡರೆ ಬೇಸಿಗೆ ಶಿಬಿರಗಳಿಗೂ ಒಯ್ಯಬಹುದು. ಮಾರ್ಚ್ ಪರೀಕ್ಷೆಯ ತಿಂಗಳು, ಯಾರೂ ಬರುವುದಿಲ್ಲ.

ನಾಲ್ಕನೇ ವಾರದ ಪರೀಕ್ಷೆ

ಹತ್ತು–ಹದಿನೈದು ಮಕ್ಕಳನ್ನು ತಾಲೀಮಿಗೆ ಕರೆಯಿರಿ. ತಂಡದ ಮಕ್ಕಳು ಬೇಡ, ಅವು ಕಥೆ ತಿಳಿದು ಬಂದಿರುತ್ತವೆ. ಒಬ್ಬರು ರಂಗಕ್ಕೆ ಬೆನ್ನು ಹಾಕಿ ಮಕ್ಕಳನ್ನೇ ನೋಡುತ್ತಾ, ಮೈ ಕೆರೆಯುವುದು, ಪಕ್ಕದವನನ್ನು ತಿವಿಯುವುದು ಎಷ್ಟನೇ ನಿಮಿಷಕ್ಕೆ ಎಂದು ಬರೆದುಕೊಳ್ಳಲಿ. ಮೂವರು ಒಟ್ಟಿಗೆ ಅಲುಗಿದ ಜಾಗವನ್ನು ಅರ್ಧಕ್ಕಿಳಿಸಿ. ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಎಂದು ಕೇಳಿದರೆ ಎಲ್ಲವೂ ತಲೆಯಾಡಿಸುತ್ತವೆ. ‘ನಡುನೀರಲ್ಲಿ ಕೋತಿ ಏನು ಮಾಡ್ತು?’ ಎಂದು ಕೇಳಿ. ‘ಸುಳ್ಳು ಹೇಳ್ತು’ ಎಂದು ಹತ್ತರಲ್ಲಿ ಏಳು ಮಕ್ಕಳು ಹೇಳದಿದ್ದರೆ ಐದನೇ ವಾರ ಪೂರ್ತಿ 23ರಿಂದ 25ನೇ ನಿಮಿಷಕ್ಕೆ ಮೀಸಲಿಡಿ. ವೇಷದ ಅಳತೆ ಆರನೇ ವಾರಕ್ಕೆ ಹೋಗಲಿ.

ಪ್ರದರ್ಶನ ಮುಗಿದ ಕೂಡಲೇ ಭಾಷಣ, ಹಾರ, ನೆನಪಿನ ಕಾಣಿಕೆ ಇಡಬೇಡಿ. 10 ನಿಮಿಷ ರಂಗವನ್ನು ಮಕ್ಕಳಿಗೆ ಬಿಡಿ. ಮೊದಲು ಸೀರೆ ಮತ್ತು ಮೇಜು ತೆಗೆದಿಡಿ, ಒಂದು ಸರದಿಗೆ 15 ಮಕ್ಕಳು, ತಮಟೆಯವರು ನಿಧಾನ ತಕಧಿಮಿ ಹಿಡಿಯಲಿ: 8 ಎಣಿಕೆ ಅಲುಗದೆ, 1 ಎಣಿಕೆ ಚಲನೆ. ಅಪ್ಪ–ಅಮ್ಮಂದಿರು ಫೋನ್ ಹಿಡಿದು ನಿಲ್ಲುವ ಬದಲು ಅವರೂ ನೆಲಕ್ಕಿಳಿಯುವಂತೆ ಕಥೆ ಹೇಳುವವರೇ ಕರೆಯಬೇಕು. ಒಬ್ಬ ತಾತ ಇಳಿದರೆ ಉಳಿದವರು ತಾವಾಗಿ ಬರುತ್ತಾರೆ.